ಗ್ಯಾರೇಜ್ ಬಾಗಿಲಿನ ಭಾರ ಹೊರುವುದು ಮೋಟರ್ ಅಲ್ಲ

ಹೊಸ ಮನೆಯ ಬೀಗದ ಕೈ ಸಿಕ್ಕ ದಿನ ನಾನು ಮಾಡಿದ ಮೊದಲ ಕೆಲಸ ಗ್ಯಾರೇಜ್ ರಿಮೋಟ್ ಒತ್ತಿ ನೋಡಿದ್ದು. ಬಾಗಿಲು ತಾನಾಗಿ ಮೇಲೆ ಹೋಯಿತು, ಕೆಳಗೆ ಬಂತು. ಮಕ್ಕಳಿಗೆ ಖುಷಿಯೋ ಖುಷಿ. ಆಮೇಲೆ ಆ ಬಾಗಿಲಿನ ನೆನಪಾಗಿದ್ದು ಎರಡು ವರ್ಷದ ನಂತರ, ಒಂದು ರಾತ್ರಿ ಗ್ಯಾರೇಜಿನಿಂದ ಢಂ ಎಂದು ಸದ್ದು ಬಂದಾಗ.

ಎದ್ದು ಹೋಗಿ ನೋಡಿದೆ. ಬಿದ್ದದ್ದು, ಒಡೆದದ್ದು ಏನೂ ಕಾಣಲಿಲ್ಲ. ಬೆಳಿಗ್ಗೆ ಗುಂಡಿ ಒತ್ತಿದರೆ ಬಾಗಿಲು ನಾಲ್ಕು ಬೆರಳಷ್ಟು ಎದ್ದು ನಿಂತುಬಿಟ್ಟಿತು. ಮತ್ತೆ ಒತ್ತಿದೆ. ಮೋಟರ್ ನರಳಿತು. ಮೂರನೇ ಸಲಕ್ಕೆ ಕೈ ಎತ್ತಿದಾಗ ಹೆಂಡತಿ ಬಾಗಿಲಿನ ಮೇಲ್ಗಡೆ ತೋರಿಸಿದಳು. ಅಲ್ಲಿದ್ದ ದಪ್ಪ ಸ್ಪ್ರಿಂಗ್ ಎರಡು ತುಂಡಾಗಿತ್ತು.

ನನಗೆ ಆವತ್ತೇ ಗೊತ್ತಾಗಿದ್ದು, ಬಾಗಿಲು ಎತ್ತುವುದು ಮೋಟರ್ ಅಲ್ಲ ಅಂತ. ಎರಡು ಕಾರು ಹಿಡಿಸುವ ಗ್ಯಾರೇಜಿನ ಬಾಗಿಲು ಸುಲಭವಾಗಿ 70 ಕಿಲೋ ದಾಟುತ್ತದೆ, ಕೆಲವು 100 ಕಿಲೋಗಿಂತ ಜಾಸ್ತಿ. ಬಾಗಿಲು ಕೆಳಗೆ ಬರುವಾಗ ಸ್ಪ್ರಿಂಗ್ ಬಿಗಿಯಾಗುತ್ತದೆ, ಮೇಲೆ ಹೋಗುವಾಗ ಆ ಬಿಗಿಯೇ ಭಾರವನ್ನು ಎತ್ತುತ್ತದೆ. ಮೋಟರ್ ಸುಮ್ನೆ ಸ್ವಲ್ಪ ತಳ್ಳುತ್ತದೆ ಅಷ್ಟೆ. ಸಾಮಾನ್ಯ ಸ್ಪ್ರಿಂಗಿನ ಆಯಸ್ಸು ಸುಮಾರು 10,000 ಸಲ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಸಲ ಅಂತ ಲೆಕ್ಕ ಹಾಕಿ, ಏಳು ವರ್ಷ ತುಂಬುವುದಿಲ್ಲ. ಹಳೆಯ ಮನೆ ಕೊಂಡವರು ಈ ಲೆಕ್ಕ ಮರೆಯಬೇಡಿ.

ಸ್ಪ್ರಿಂಗ್ ಮುರಿದಾಗ ಬಾಗಿಲು ಮುಚ್ಚಿದ್ದರೆ ಮುಚ್ಚೇ ಇರಲಿ. ನನ್ನ ಹಾಗೆ ಗುಂಡಿ ಒತ್ತುತ್ತಾ ಕೂರಬೇಡಿ. ತೆರೆದಿದ್ದಾಗ ಮುರಿದರೆ ಇನ್ನೂ ಕಷ್ಟ. ಕೆಳಗೆ ಯಾರೂ ಓಡಾಡಬಾರದು. ಮೋಟರಿನ ಹತ್ತಿರ ನೇತಾಡುವ ಕೆಂಪು ಹಗ್ಗವನ್ನಂತೂ ಮುಟ್ಟಲೇಬಾರದು. ಅದನ್ನು ಎಳೆದರೆ ಬಾಗಿಲಿಗೂ ಮೋಟರಿಗೂ ಇರುವ ಕೊಂಡಿ ಬಿಟ್ಟುಕೊಳ್ಳುತ್ತದೆ, ಅಷ್ಟೂ ಭಾರ ಒಮ್ಮೆಲೇ ಕೆಳಗೆ ಬೀಳುತ್ತದೆ.

ಹಾಗಂತ ಆ ಹಗ್ಗ ಬೇಡದ ವಸ್ತು ಅಲ್ಲ. ಕರೆಂಟ್ ಹೋದಾಗ ಅದನ್ನು ಎಳೆದೇ ಬಾಗಿಲನ್ನು ಕೈಯಲ್ಲಿ ಎತ್ತಬೇಕು. 2017ರ ಕಾಡ್ಗಿಚ್ಚಿನ ಸಮಯದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕರೆಂಟ್ ಇಲ್ಲದೆ ಗ್ಯಾರೇಜ್ ಬಾಗಿಲು ತೆರೆಯಲಾಗದೆ ಜನ ಸಿಕ್ಕಿಹಾಕಿಕೊಂಡಿದ್ದರು. ಅದಾದ ಮೇಲೆ ಅಲ್ಲಿ 2019ರ ಜುಲೈ 1ರಿಂದ ಮನೆಗಳಿಗೆ ಮಾರುವ ಹೊಸ ಓಪನರಿಗೆ, ಅಂದರೆ ಬಾಗಿಲು ತೆರೆದು ಮುಚ್ಚುವ ಮೋಟರ್ ಯಂತ್ರಕ್ಕೆ, ಬ್ಯಾಟರಿ ಕಡ್ಡಾಯ ಮಾಡಿದರು. ನಿಮ್ಮ ಮನೆಯಲ್ಲಿ ಬ್ಯಾಟರಿ ಇರಲಿ ಬಿಡಲಿ, ಮನೆಯ ದೊಡ್ಡವರೆಲ್ಲ ಒಮ್ಮೆ ಹಗ್ಗ ಎಳೆದು ಅಭ್ಯಾಸ ಮಾಡಿಕೊಳ್ಳಿ. ಬಾಗಿಲು ಮುಚ್ಚಿದ್ದಾಗ ಮಾತ್ರ.

ಅದೇ ನೆಪದಲ್ಲಿ ಸ್ಪ್ರಿಂಗ್ ಹೇಗಿದೆ ಅಂತಲೂ ನೋಡಬಹುದು. ಹಗ್ಗ ಎಳೆದ ಮೇಲೆ ಬಾಗಿಲನ್ನು ಸೊಂಟದ ಎತ್ತರಕ್ಕೆ ಎತ್ತಿ, ಪಾದ ದೂರ ಇಟ್ಟುಕೊಂಡು ಮೆಲ್ಲಗೆ ಕೈ ಸಡಿಲಿಸಿ. ಅಲ್ಲೇ ನಿಂತರೆ ಸರಿ. ಕೆಳಗೆ ಜಾರಿದರೆ ಸ್ಪ್ರಿಂಗ್ ಸೋತಿದೆ ಅಂತ ಅರ್ಥ. ಎತ್ತುವಾಗಲೇ ಭಾರ ಅನ್ನಿಸಿದರೆ ಮೆಲ್ಲಗೆ ಕೆಳಗಿಳಿಸಿ, ಪರೀಕ್ಷೆ ಅಲ್ಲಿಗೇ ನಿಲ್ಲಿಸಿ.

ಹೊರದೇಶದಲ್ಲಿ ಕೂಲಿ ದುಬಾರಿ. ವಿಡಿಯೋ ನೋಡಿ ನಾವೇ ಮಾಡಿಕೊಳ್ಳೋಣ ಅನ್ನಿಸುತ್ತದೆ. ನಾನೂ ಮನೆಗೆ ಬಣ್ಣ ಹೊಡೆದಿದ್ದೇನೆ, ನಲ್ಲಿ ಬದಲಿಸಿದ್ದೇನೆ. ಆದರೆ ಈ ಸ್ಪ್ರಿಂಗಿಗೆ ಕೈ ಹಾಕಲ್ಲ. ಬಿಗಿದ ಸ್ಪ್ರಿಂಗನ್ನು ತಿರುಗಿಸಲು ಸಿಕ್ಕಿಸಿದ ಸರಳು ಜಾರಿದರೆ ಕೈ ಮುರಿಯಬಹುದು, ಮುಖಕ್ಕೂ ಬಡಿಯಬಹುದು. ಪಕ್ಕದ ಕೇಬಲ್, ಬಾಗಿಲಿನ ಕೆಳಮೂಲೆಯಲ್ಲಿ ಕೇಬಲ್ ಹಿಡಿದಿರುವ ಕಬ್ಬಿಣದ ತುಂಡು, ಇವೂ ಅದೇ ಬಿಗಿಯಲ್ಲಿರುತ್ತವೆ. ಆ ತುಂಡಿನ ಬೋಲ್ಟ್ ಬಿಚ್ಚಲೇಬೇಡಿ. ಹಳಿಯಲ್ಲಿ ಓಡುವ ರೋಲರಿಗೆ, ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡಿ, ಸೆನ್ಸರ್ ಒರೆಸಿ. ನಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಕೆಲವು ಮನೆಗಳಲ್ಲಿ ಸ್ಪ್ರಿಂಗ್ ಬಾಗಿಲಿನ ಮೇಲಲ್ಲ, ಎರಡೂ ಬದಿಯ ಹಳಿಯ ಉದ್ದಕ್ಕೆ ಎಳೆದುಕೊಂಡಿರುತ್ತದೆ. ಅದರೊಳಗೆ ಒಂದು ತಂತಿ ಹಾದುಹೋಗಿರಬೇಕು, ಮುರಿದ ತುಂಡು ಹಾರದಂತೆ ತಡೆಯುವುದು ಅದೇ. ಇಲ್ಲದಿದ್ದರೆ ಹಾಕಿಸಿ.

ಇನ್ನು ಸೆನ್ಸರ್. ಬಾಗಿಲಿನ ಎರಡೂ ಬದಿ, ನೆಲದಿಂದ ಆರು ಇಂಚಿಗಿಂತ ಮೇಲಿಲ್ಲದಂತೆ ಎರಡು ಕಣ್ಣು ಇರುತ್ತವೆ. ಅವುಗಳ ನಡುವೆ ಏನಾದರೂ ಅಡ್ಡ ಬಂದರೆ ಇಳಿಯುವ ಬಾಗಿಲು ವಾಪಸ್ ಮೇಲೆ ಹೋಗುತ್ತದೆ. ನೆಲದಲ್ಲಿ ಅಂಬೆಗಾಲಿಡುವ ಮಗುವೂ ಕಾಣಲಿ ಅಂತ ಅಷ್ಟು ಕೆಳಗೆ. ಅಮೆರಿಕದಲ್ಲಿ 1993ರ ಜನವರಿಯಿಂದ ತಯಾರಾದ ಮನೆಯ ಓಪನರುಗಳಿಗೆ ಇಂಥ ಹೆಚ್ಚುವರಿ ರಕ್ಷಣೆ ಕಡ್ಡಾಯ. ನಿಮ್ಮದು ಅದಕ್ಕಿಂತ ಹಳೆಯದಾಗಿದ್ದರೆ ರಿಪೇರಿ ಮಾಡಿಸಬೇಡಿ, ಬದಲಿಸಿಬಿಡಿ.

ಸೆನ್ಸರ್ ಇದ್ದರೆ ಸಾಕಾಗಲ್ಲ, ಇರಬೇಕಾದ ಜಾಗದಲ್ಲಿ ಇರಬೇಕು. ಒಬ್ಬ ಸ್ನೇಹಿತರು ಕೊಂಡ ಮನೆಯಲ್ಲಿ ಹಿಂದಿನವರು ಎರಡೂ ಕಣ್ಣುಗಳನ್ನು ಕಿತ್ತು, ಎದುರುಬದುರು ಮಾಡಿ, ಟೇಪ್ ಸುತ್ತಿ ಸೂರಿನ ಹತ್ತಿರ ಕಟ್ಟಿದ್ದರು! ಬಾಗಿಲು ಆಗಾಗ ವಾಪಸ್ ಹೋಗುವ ಕಿರಿಕಿರಿಗೆ ಅವರು ಕಂಡುಕೊಂಡ ಉಪಾಯ ಅದು. ಆ ಕಿರಿಕಿರಿಗೆ ಸಾಮಾನ್ಯವಾಗಿ ಕಾರಣ ಜೇಡರ ಬಲೆ, ಧೂಳು, ಸಂಜೆಯ ಓರೆ ಬಿಸಿಲು, ಇಲ್ಲಾಂದ್ರೆ ಸೈಕಲ್ ತಾಗಿ ವಾಲಿದ ಸೆನ್ಸರ್. ಒರೆಸಿ ನೆಟ್ಟಗೆ ಮಾಡಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಗೋಡೆಯ ಗುಂಡಿಯನ್ನು ಒತ್ತಿ ಹಿಡಿದರೆ ಸೆನ್ಸರ್ ಬೇಡವೆಂದರೂ ಹೆಚ್ಚಿನ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಹಾಗೆ ಮಾಡಬೇಕಾಗಿ ಬಂದರೆ ಬಾಗಿಲಿನಿಂದ ಕಣ್ಣು ತೆಗೆಯಬೇಡಿ.

ತಿಂಗಳಿಗೊಮ್ಮೆ ಎರಡು ಪರೀಕ್ಷೆ ಮಾಡಿ. ಬಾಗಿಲು ಇಳಿಯುವಾಗ ಸೆನ್ಸರಿಗೆ ಅಡ್ಡ ಒಂದು ರಟ್ಟಿನ ಡಬ್ಬ ತಳ್ಳಿ, ಬಾಗಿಲು ಹಿಂದಿರುಗಬೇಕು. ಆಮೇಲೆ ಒಂದೂವರೆ ಇಂಚು ದಪ್ಪದ ಮರದ ಪಟ್ಟಿಯನ್ನು ಬಾಗಿಲಿನ ನಡುವಿಗೆ ನೆಲದ ಮೇಲೆ ಮಲಗಿಸಿ. ಬಾಗಿಲು ಅದಕ್ಕೆ ತಾಗಿದ ಎರಡು ಸೆಕೆಂಡಿನೊಳಗೆ ಮೇಲೇಳಬೇಕು. ಏಳದಿದ್ದರೆ ರಿಪೇರಿ ಆಗುವವರೆಗೆ ಓಪನರ್ ಬಳಸಬೇಡಿ.

ಮಕ್ಕಳಿರುವ ಮನೆಯಲ್ಲಿ ಗೋಡೆಯ ಗುಂಡಿ ಐದು ಅಡಿಗಿಂತ ಕೆಳಗಿರಬಾರದು. ರಿಮೋಟ್ ಆಟದ ಸಾಮಾನಲ್ಲ. ಇಳಿಯುವ ಬಾಗಿಲಿನ ಅಡಿಯಿಂದ ಓಡಿ ದಾಟುವ ಚಟ ಮಕ್ಕಳಿಗೆ ಬರುವುದು ನಮ್ಮನ್ನು ನೋಡಿಯೇ, ಅಲ್ವಾ? ಕೈಯಲ್ಲಿ ಎಳೆಯುವಾಗ ಹಿಡಿಕೆಯನ್ನೇ ಹಿಡಿಯಿರಿ. ಪ್ಯಾನೆಲ್‌ಗಳ ಸಂದಿಯಲ್ಲಿ ಬೆರಳಿಟ್ಟರೆ ಬಾಗಿಲು ಮಡಚುವಾಗ ಅಪ್ಪಚ್ಚಿ.

ಬಾಗಿಲು ತೆರೆದಿದೆಯಲ್ಲ ಅಂತ ಚಳಿಯಲ್ಲಿ ಗ್ಯಾರೇಜಿನೊಳಗೇ ಕಾರು ಬಿಸಿ ಮಾಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮನೆಯೊಳಕ್ಕೂ ನುಗ್ಗುತ್ತದೆ. ಕಾರನ್ನು ಹೊರಗೆ ತಂದು ಬಿಸಿ ಮಾಡಿ. ರಾತ್ರಿ ಕಾರು ಹೊರಗೇ ನಿಲ್ಲಿಸುವವರು ರಿಮೋಟನ್ನು ಅದರಲ್ಲಿ ಬಿಡದೆ ಒಳಗೆ ತನ್ನಿ. ಕಾರಿನ ಗಾಜು ಒಡೆದವನ ಕೈಗೆ ಮನೆಯ ಬಾಗಿಲೂ ಸಿಕ್ಕಂತಾಗುತ್ತದೆ.