ವಾರಕ್ಕೆರಡು ಸಲ, ದಿನ ಬಿಟ್ಟು ದಿನ: ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

‘ವೀಕ್ಲಿ ಟ್ವೈಸ್’, ‘ಮಂತ್ಲಿ ಒನ್ಸ್’, ‘ಡೈಲಿ ತ್ರೀ ಟೈಮ್ಸ್’. ಬೆಂಗಳೂರಿನಲ್ಲಿ ಮನೆ ಬಾಡಿಗೆ ಮಾತುಕತೆಯಿಂದ ಹಿಡಿದು ಆಫೀಸಿನ ಮೀಟಿಂಗ್‌ವರೆಗೆ ಈ ಇಂಗ್ಲಿಷ್ ಚೆನ್ನಾಗಿಯೇ ಓಡುತ್ತದೆ, ಎದುರಿಗಿದ್ದವರಿಗೆ ಅರ್ಥವೂ ಆಗುತ್ತದೆ. ತೊಡಕಾಗುವುದು ಇಂಟರ್‌ವ್ಯೂನಲ್ಲಿ, ಹೊರದೇಶದ ಕ್ಲೈಂಟ್‌ಗೆ ಬರೆಯುವ ಮೇಲ್‌ನಲ್ಲಿ, ಕನ್ನಡ ಬಾರದ ಡಾಕ್ಟರ ಮುಂದೆ. ಅಲ್ಲಿ ಎಷ್ಟು ಸಲ, ಎಷ್ಟು ಸಮಯಕ್ಕೆ ಎಂಬ ಲೆಕ್ಕ ಏರುಪೇರಾಗದೆ ತಲುಪಬೇಕು. ಇದಕ್ಕೆ ವ್ಯಾಕರಣದ ದಪ್ಪ ಪುಸ್ತಕವೇನೂ ಬೇಡ. ಬೇಕಾದ ಅಳತೆಗೋಲು ನಮ್ಮ ಕನ್ನಡದಲ್ಲೇ ಇದೆ.

ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ

‘ತಿಂಗಳಿಗೆ ಮೂರು ಸಲ ಊರಿಗೆ ಹೋಗ್ತೀನಿ’ ಅನ್ನುವುದಕ್ಕೂ ‘ಈ ತಿಂಗಳಲ್ಲಿ ಮೂರು ಸಲ ಊರಿಗೆ ಹೋಗಿಬಂದೆ’ ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲನೆಯದು ರೂಢಿ. ಎರಡನೆಯದು ಆಗಿಹೋದ ಲೆಕ್ಕ. ‘ತಿಂಗಳಿಗೆ’, ‘ವಾರಕ್ಕೆ’, ‘ದಿನಕ್ಕೆ’ ಎಂದು ಬಂದರೆ ಇಂಗ್ಲಿಷಿನಲ್ಲಿ ‘ಎ’ ಅಥವಾ ‘ಎವ್ರಿ’ ಬೇಕು. ‘ತಿಂಗಳಲ್ಲಿ’, ‘ವಾರದಲ್ಲಿ’ ಎಂದು ಬಂದರೆ ‘ಇನ್’ ಬೇಕು. ಉಳಿದ ಹೆಜ್ಜೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ಒಂದು ಎಚ್ಚರಿಕೆ. ಮಾತಿನ ಓಘದಲ್ಲಿ ‘ವಾರದಲ್ಲಿ ಎರಡು ದಿನ ಆಫೀಸಿಗೆ ಹೋಗಬೇಕು’ ಅಂತಲೂ ಅನ್ನುತ್ತೇವೆ. ಅದು ಪ್ರತಿ ವಾರದ ರೂಢಿಯಾದ್ದರಿಂದ ಮನಸ್ಸಿನಲ್ಲೇ ‘ವಾರಕ್ಕೆ ಎರಡು ದಿನ’ ಎಂದು ತಿದ್ದಿಕೊಂಡು ಮುಂದೆ ಹೋಗಿ.

ಒಂದೇ ವಾರ, ಒಂದೇ ತಿಂಗಳಾದರೆ ‘ಎ’

ಸಲದ ಲೆಕ್ಕ ಮೊದಲು, ನಡುವೆ ‘ಎ’, ಆಮೇಲೆ ಸಮಯ: ‘ಒನ್ಸ್ ಎ ವೀಕ್’, ‘ಟ್ವೈಸ್ ಎ ಮಂತ್’, ‘ತ್ರೀ ಟೈಮ್ಸ್ ಎ ಡೇ’. ಲಾಲ್‌ಬಾಗ್‌ನಲ್ಲಿ ಗಣರಾಜ್ಯೋತ್ಸವಕ್ಕೊಂದು, ಸ್ವಾತಂತ್ರ್ಯ ದಿನಕ್ಕೊಂದು ಫಲಪುಷ್ಪ ಪ್ರದರ್ಶನ ನಡೆಯುತ್ತದೆ, ಅಂದರೆ ‘ಟ್ವೈಸ್ ಎ ಇಯರ್’. ಬಸವನಗುಡಿಯ ಕಡಲೆಕಾಯಿ ಪರಿಷೆ ‘ಒನ್ಸ್ ಎ ಇಯರ್’. ಗಂಟೆಯ ಮಾತು ಬಂದಾಗ ಮಾತ್ರ ‘ಎ’ ಹೋಗಿ ‘ಆ್ಯನ್’ ಆಗುತ್ತದೆ: ‘ಟ್ವೈಸ್ ಆ್ಯನ್ ಅವರ್’. ಮೂರು ಸಲಕ್ಕೆ ನಾವು ಹೇಳುವ ‘ಥ್ರೈಸ್’ ತಪ್ಪೇನಲ್ಲ. ಆದರೆ ಇಂಗ್ಲೆಂಡ್, ಅಮೆರಿಕದವರ ಮಾತಿನಲ್ಲಿ ಅದು ಹೆಚ್ಚು ಕೇಳಿಬರುವುದಿಲ್ಲ. ಅವರ ಜೊತೆ ‘ತ್ರೀ ಟೈಮ್ಸ್’ ಅನ್ನುವುದೇ ಮೇಲು.

ಈ ಮಾತು ವಾಕ್ಯದಲ್ಲಿ ಎಲ್ಲಿ ಕೂರಬೇಕು? ಕನ್ನಡದಲ್ಲಿ ಅದು ಕ್ರಿಯಾಪದಕ್ಕಿಂತ ಮುಂಚೆ ಬರುತ್ತದೆ, ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕೊನೆಗೆ. ‘ಐ ವಿಸಿಟ್ ಮೈ ಪೇರೆಂಟ್ಸ್ ಟ್ವೈಸ್ ಎ ಮಂತ್.’ ‘ಆಲ್ವೇಸ್’, ‘ಯೂಶುವಲಿ’, ‘ಆಫನ್’ ಥರದ ಒಂಟಿ ಪದಗಳು ಹೆಚ್ಚಾಗಿ ಕ್ರಿಯಾಪದಕ್ಕಿಂತ ಮುಂಚೆ ಬರುತ್ತವೆ: ‘ಐ ಯೂಶುವಲಿ ಟೇಕ್ ದ ಮೆಟ್ರೋ.’ ಇನ್ನೊಂದು, ರೂಢಿಯ ಮಾತಿಗೆ ‘ಐ ಆ್ಯಮ್ ಗೋಯಿಂಗ್’ ಬೇಡ, ‘ಐ ಗೋ’ ಸಾಕು. ‘ಹೋಗ್ತಾ ಇರ್ತೀನಿ’ ಎಂಬ ನಮ್ಮ ಮಾತಿನ ಗುಂಗಿನಲ್ಲಿ ಆ ‘ಇಂಗ್’ ತಾನಾಗಿ ಸೇರಿಕೊಳ್ಳುತ್ತದೆ. ಅದನ್ನು ಗಮನವಿಟ್ಟು ತೆಗೆಯಬೇಕು.

ಒಂದಕ್ಕಿಂತ ಹೆಚ್ಚಾದರೆ ‘ಎವ್ರಿ’

ಎರಡು ವರ್ಷ, ಹತ್ತು ನಿಮಿಷ, ಮೂರು ದಿನ ಎಂದು ಸಮಯ ಹಿಗ್ಗಿದಾಗ ‘ಎ’ ನಿಲ್ಲುವುದಿಲ್ಲ. ಯಲಹಂಕದ ವಾಯುನೆಲೆಯಲ್ಲಿ ನಡೆಯುವ ಏರೋ ಇಂಡಿಯಾ ‘ಒನ್ಸ್ ಎವ್ರಿ ಟೂ ಇಯರ್ಸ್’. ಶ್ರವಣಬೆಳಗೊಳದ ಬಾಹುಬಲಿಗೆ 2006ರಲ್ಲಿ ಮಹಾಮಸ್ತಕಾಭಿಷೇಕ ಆಯಿತು, ಆಮೇಲೆ 2018ರಲ್ಲಿ, ಅಂದರೆ ‘ಒನ್ಸ್ ಎವ್ರಿ ಟ್ವೆಲ್ವ್ ಇಯರ್ಸ್’. ‘ಒನ್ಸ್’ ಬಿಟ್ಟು ಬರೀ ‘ಎವ್ರಿ ಟ್ವೆಲ್ವ್ ಇಯರ್ಸ್’ ಅಂದರೂ ಅರ್ಥ ಅದೇ.

‘ಪ್ರತಿ ಹತ್ತು ನಿಮಿಷಕ್ಕೊಂದು ರೈಲು ಇದೆ’ ಅನ್ನಬೇಕಾದಾಗ ನಮ್ಮಲ್ಲಿ ಅನೇಕರು ‘ಫಾರ್ ಎವ್ರಿ ಟೆನ್ ಮಿನಿಟ್ಸ್ ಒನ್ಸ್’ ಅನ್ನುತ್ತಾರೆ. ‘ಪ್ರತಿ’, ‘ಕ್ಕೆ’, ‘ಒಂದು’, ಮೂರಕ್ಕೂ ಒಂದೊಂದು ಪದ ಕೊಡಲು ಹೊರಟಾಗ ಹೀಗಾಗುತ್ತದೆ. ಆ ಮೂರರ ಭಾರವನ್ನೂ ‘ಎವ್ರಿ’ ಒಂದೇ ಹೊರುತ್ತದೆ. ‘ದೇರ್ ಈಸ್ ಎ ಟ್ರೇನ್ ಎವ್ರಿ ಟೆನ್ ಮಿನಿಟ್ಸ್.’ ಅದಕ್ಕಿಂತ ಮುಂಚೆ ‘ಫಾರ್’, ‘ಇನ್’, ‘ಆನ್’ ಯಾವುದೂ ಬೇಡ.

‘ಬಿಟ್ಟು’ ಬಂದಲ್ಲಿ ಬೆರಳೆಣಿಸಿ

ಲೆಕ್ಕ ಹೆಚ್ಚು ತಪ್ಪುವ ಜಾಗ ಇದು. ಬೆಂಗಳೂರಿನ ಅನೇಕ ಬಡಾವಣೆಗಳಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಸೋಮವಾರ ಬಂದರೆ ಬುಧವಾರ, ಆಮೇಲೆ ಶುಕ್ರವಾರ. ಇದು ‘ಎವ್ರಿ ಅದರ್ ಡೇ’. ‘ಆನ್ ಆಲ್ಟರ್ನೇಟ್ ಡೇಸ್’ ಅಂದರೂ ಸರಿ, ಆ ‘ಆನ್’ ಮರೆಯಬೇಡಿ. ‘ಎರಡು ದಿನಕ್ಕೊಮ್ಮೆ’ ಅಂದರೂ ಇದೇ: ‘ಎವ್ರಿ ಟೂ ಡೇಸ್’.

ಆದರೆ ‘ಎರಡು ದಿನ ಬಿಟ್ಟು’ ಅಂದರೆ? ಸೋಮವಾರ ಬಂದಮೇಲೆ ಮಂಗಳವಾರ, ಬುಧವಾರ ಬಿಟ್ಟು ಗುರುವಾರ, ಆಮೇಲೆ ಭಾನುವಾರ. ಬಿಟ್ಟಿದ್ದು ಎರಡು ದಿನ, ಇಂಗ್ಲಿಷಿನಲ್ಲಿ ಹೇಳಬೇಕಾದ್ದು ಮೂರು: ‘ಎವ್ರಿ ತ್ರೀ ಡೇಸ್’ ಅಥವಾ ‘ಎವ್ರಿ ಥರ್ಡ್ ಡೇ’. ಕನ್ನಡ ಬಿಟ್ಟ ದಿನಗಳನ್ನು ಎಣಿಸುತ್ತಿದೆ. ಇಂಗ್ಲಿಷ್ ಒಂದು ಸರದಿಯಿಂದ ಮುಂದಿನ ಸರದಿಗೆ ಎಷ್ಟು ದಿನ ಎಂದು ಎಣಿಸುತ್ತದೆ. ಹಾಗಾಗಿ ‘ಬಿಟ್ಟು’ ಎಂಬ ಮಾತು ಬಾಯಿಗೆ ಬಂದ ಕೂಡಲೇ ಅಂಕಿಗೆ ಒಂದು ಸೇರಿಸಿ. ಟ್ಯಾಂಕರ್‌ನವರಿಗೋ ಸೆಕ್ಯೂರಿಟಿಗೋ ಮೆಸೇಜ್ ಹಾಕುವಾಗ ವಾರದ ಹೆಸರುಗಳನ್ನೂ ಬರೆದುಬಿಟ್ಟರೆ ಮತ್ತೆ ಫೋನ್ ಮಾಡುವ ಕೆಲಸ ತಪ್ಪುತ್ತದೆ.

ಎರಡನೇ ಶನಿವಾರ

2015ರ ಸೆಪ್ಟೆಂಬರ್‌ನಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಇದನ್ನು ಇಂಗ್ಲಿಷಿಗೆ ತರುವಾಗ ‘ಎವ್ರಿ ಸೆಕೆಂಡ್ ಸ್ಯಾಟರ್‌ಡೇ’ ಎಂದು ಬರೆಯುವವರಿದ್ದಾರೆ. ಹೊರಗಿನವರು ಅದನ್ನು ‘ವಾರ ಬಿಟ್ಟು ವಾರದ ಶನಿವಾರ’ ಎಂದೇ ಓದುತ್ತಾರೆ. ನಾಲ್ಕು ಶನಿವಾರಗಳ ತಿಂಗಳಲ್ಲಿ ಎರಡೂ ಒಂದೇ ದಿನಕ್ಕೆ ಬಂದು ಬೀಳಬಹುದು. ಐದು ಶನಿವಾರಗಳ ತಿಂಗಳು ಬಂದಾಗ ನಾಲ್ಕನೇ ಶನಿವಾರದಿಂದ ಮುಂದಿನ ತಿಂಗಳ ಎರಡನೇ ಶನಿವಾರಕ್ಕೆ ಮೂರು ವಾರ ಆಗುತ್ತದೆ, ಲೆಕ್ಕ ಅಲ್ಲಿ ಮುರಿಯುತ್ತದೆ. ‘ದ ಸೆಕೆಂಡ್ ಸ್ಯಾಟರ್‌ಡೇ ಆಫ್ ಎವ್ರಿ ಮಂತ್’ ಎಂದು ಪೂರ್ತಿಯಾಗಿ ಬರೆಯಿರಿ.

‘ಬೈವೀಕ್ಲಿ’ ಎಂಬ ಪದವನ್ನಂತೂ ಕೈಬಿಡುವುದೇ ಒಳ್ಳೆಯದು. ವಾರಕ್ಕೆರಡು ಸಲ, ಎರಡು ವಾರಕ್ಕೊಮ್ಮೆ ಎಂಬ ಎರಡೂ ಅರ್ಥ ಅದಕ್ಕೆ ನಿಘಂಟಿನಲ್ಲೇ ಇವೆ. ಎರಡು ವಾರಕ್ಕೊಮ್ಮೆಯಾದರೆ ‘ಎವ್ರಿ ಟೂ ವೀಕ್ಸ್’ ಎಂದು ಬರೆಯಿರಿ. ‘ಫೋರ್ಟ್‌ನೈಟ್ಲಿ’ ನಮ್ಮಲ್ಲೂ ಇಂಗ್ಲೆಂಡಿನಲ್ಲೂ ನಡೆಯುತ್ತದೆ, ಅಮೆರಿಕದವರಿಗೆ ಅಷ್ಟು ಪರಿಚಿತವಲ್ಲ.

ಆಗಿಹೋದ ಲೆಕ್ಕಕ್ಕೆ ‘ಇನ್’

‘ಕಳೆದ ಎರಡು ತಿಂಗಳಲ್ಲಿ ಮೂರು ಸಲ ಜ್ವರ ಬಂತು.’ ಇಲ್ಲಿ ‘ತಿಂಗಳಲ್ಲಿ’ ಎಂದಿದೆ, ಆದ್ದರಿಂದ ‘ಇನ್’: ‘ಐ ಹ್ಯಾವ್ ಹ್ಯಾಡ್ ಫೀವರ್ ತ್ರೀ ಟೈಮ್ಸ್ ಇನ್ ದ ಲಾಸ್ಟ್ ಟೂ ಮಂತ್ಸ್.’ ಆ ಎರಡು ತಿಂಗಳು ಇವತ್ತಿನವರೆಗೂ ಚಾಚಿಕೊಂಡಿವೆ, ಅದಕ್ಕೇ ‘ಹ್ಯಾವ್’. ಮಾರ್ಚ್ ತಿಂಗಳ ಮಾತಾದರೆ ಅದು ಮುಗಿದ ಕಾಲ, ‘ಐ ಹ್ಯಾಡ್ ಫೀವರ್ ಟ್ವೈಸ್ ಇನ್ ಮಾರ್ಚ್’ ಎಂದರೆ ಸಾಕು. ‘ಮೂರು ವರ್ಷದಿಂದ’ ಎಂಬುದನ್ನು ‘ಫ್ರಮ್ ಲಾಸ್ಟ್ ತ್ರೀ ಇಯರ್ಸ್’ ಮಾಡಬೇಡಿ, ‘ಫಾರ್ ದ ಲಾಸ್ಟ್ ತ್ರೀ ಇಯರ್ಸ್’ ಅನ್ನಿ. ಇಸವಿ ಹೇಳಿದರೆ ‘ಸಿನ್ಸ್ 2022’. ಬಿಟ್ಟು ಬಿಟ್ಟು ಬರುತ್ತಿರುವ ನೋವಿಗೆ ‘ಆನ್ ಆ್ಯಂಡ್ ಆಫ್’ ಎಂಬ ಒಳ್ಳೆಯ ಮಾತಿದೆ: ‘ಆನ್ ಆ್ಯಂಡ್ ಆಫ್ ಫಾರ್ ಎ ವೀಕ್.’

ಮಾತ್ರೆಯ ವಿಷಯದಲ್ಲಿ

ಡಾಕ್ಟರು ‘ಹೌ ಆಫನ್?’ ಎಂದು ಕೇಳಿದರೆ ಅದರರ್ಥ ‘ಎಷ್ಟು ಸಮಯಕ್ಕೆ ಎಷ್ಟು ಸಲ?’ ಎಂದು. ಬರೀ ‘ತ್ರೀ ಟೈಮ್ಸ್’ ಎಂದು ಉತ್ತರಿಸಿದರೆ ಅವರಿಗೆ ಅರ್ಧ ಮಾತ್ರ ಸಿಗುತ್ತದೆ. ದಿನಕ್ಕೋ, ವಾರಕ್ಕೋ, ತಿಂಗಳಿಗೋ ಎಂಬುದೂ ಜೊತೆಗೆ ಬರಬೇಕು.

ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ‘ಬಿ.ಡಿ.’ ದಿನಕ್ಕೆರಡು ಸಲ, ‘ಟಿ.ಡಿ.ಎಸ್.’ ದಿನಕ್ಕೆ ಮೂರು ಸಲ. ಎರಡೂ ಲ್ಯಾಟಿನ್ ಮಾತುಗಳ ಮೊದಲಕ್ಷರಗಳು. ‘ತ್ರೀ ಟೈಮ್ಸ್ ಎ ಡೇ’ ಮತ್ತು ‘ಎವ್ರಿ ಏಯ್ಟ್ ಅವರ್ಸ್’ ಒಂದೇ ಎಂದುಕೊಳ್ಳಬೇಡಿ. ಮೊದಲನೆಯದನ್ನು ತಿಂಡಿ, ಊಟ, ರಾತ್ರಿಯೂಟದ ಜೊತೆ ತೆಗೆದುಕೊಳ್ಳುವುದು ವಾಡಿಕೆ. ಎರಡನೆಯದರಲ್ಲಿ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಎಂದು ಗಂಟೆಯ ಅಂತರ ಕಾಯಬೇಕು. ‘ನಾಟ್ ಮೋರ್ ದ್ಯಾನ್ ಫೋರ್ ಟೈಮ್ಸ್ ಇನ್ ಟ್ವೆಂಟಿಫೋರ್ ಅವರ್ಸ್’ ಎಂದಿದ್ದರೆ ಅದು ಮಿತಿ. ಮಧ್ಯರಾತ್ರಿ ಕಳೆದು ತಾರೀಖು ಬದಲಾಯಿತೆಂದು ಹೊಸದಾಗಿ ಎಣಿಸುವಂತಿಲ್ಲ, ಹಿಂದಿನ 24 ಗಂಟೆಯಲ್ಲಿ ನುಂಗಿದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಕು.

ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ತೆಗೆದುಕೊಳ್ಳುವಂಥದ್ದು. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಇಂಥ ಮಾತ್ರೆಯನ್ನು ಮನೆಯ ಹಿರಿಯರಿಗಾಗಿ ತರುವಾಗ ‘ಒನ್ಸ್’ ಎಂದು ಕೇಳಿಸಿಕೊಂಡು ಹೊರಡಬೇಡಿ. ಔಷಧದಂಗಡಿಯ ಕೌಂಟರಿನಲ್ಲೇ ನಿಂತು ‘ಒನ್ಸ್ ಎ ವೀಕ್, ನಾಟ್ ಎವ್ರಿ ಡೇ. ವಿಚ್ ಡೇ?’ ಎಂದು ಕೇಳಿ. ಅವರು ಹೇಳಿದ ವಾರದ ಹೆಸರನ್ನು ಮಾತ್ರೆಯ ಪೊಟ್ಟಣದ ಮೇಲೆ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡು ಬನ್ನಿ.