ಗ್ರಾಮರ್ ಪುಸ್ತಕ ಮುಚ್ಚಿಟ್ಟು ಕಾದಂಬರಿ ಹಿಡಿದೆ

"ಅಕ್ಕಾರ, ಗ್ರಾಮರ್ ಯಾವಾಗ ಚಾಲೂ ಮಾಡ್ತೀರಿ?" ಧಾರವಾಡದಲ್ಲಿ ನನ್ನ ಸಂಜೆಯ ಇಂಗ್ಲಿಷ್ ಕ್ಲಾಸಿನ ಮೊದಲ ವರ್ಷ ಪಾಲಕರು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದ ಮಾತು ಇದು. ಜೊತೆಯ ಶಿಕ್ಷಕರೂ ತಲೆ ಅಲ್ಲಾಡಿಸಿದ್ದರು. ಈಗ ಮೂರನೇ ಬ್ಯಾಚ್ ಮುಗಿದಿದೆ, ಯಾರೂ ಕೇಳುತ್ತಿಲ್ಲ.

ಗ್ರಾಮರ್ ಕಲಿಸಲು ನಾನು ಆರಿಸಿದ ಕಾದಂಬರಿ ಅಮೆರಿಕದ ಲೇಖಕಿ ಮಿಲ್ಡ್ರೆಡ್ ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ'. 1976ರ ಪುಸ್ತಕ, ಮರುವರ್ಷ ಮಕ್ಕಳ ಸಾಹಿತ್ಯಕ್ಕೆ ಅಮೆರಿಕದಲ್ಲಿ ಕೊಡುವ ನ್ಯೂಬರಿ ಪದಕ ಪಡೆದದ್ದು. 1933ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿದ್ದ ಕರಿಯ ಕುಟುಂಬದ ಕಥೆ, ಹೇಳುವವಳು ಒಂಬತ್ತು ವರ್ಷದ ಕ್ಯಾಸಿ. 14 ಪ್ರತಿಗೆ ಹೆಚ್ಚುಕಡಿಮೆ ಆರು ಸಾವಿರ ಸುರಿದೆ. ಆಗ ನನ್ನ ಫೀ ತಿಂಗಳಿಗೆ 400. ಎರಡು ತಿಂಗಳಲ್ಲಿ ಐದು ಮಕ್ಕಳು ಬಿಟ್ಟುಹೋದರು, ಆ ಐದು ಪ್ರತಿ ಕಪಾಟಿನಲ್ಲಿ ಕೂತವು.

ಮೊದಲ ತಪ್ಪು ನನ್ನದೇ. ದಿನಕ್ಕೆ 25 ಪದ ಬರೆಸಿ, ಅರ್ಥ ಬಾಯಿಪಾಠ ಮಾಡಿಸಿ, ಆಮೇಲೆ ಓದು. ಮೂರು ವಾರಕ್ಕೆ ಹತ್ತು ಪುಟವೂ ಸಾಗಲಿಲ್ಲ.

ದಾರಿ ತೋರಿಸಿದ್ದು ಮೊದಲ ಅಧ್ಯಾಯವೇ. ಕರಿಯರ ಶಾಲೆಗೆ ಹಳೇ ಪಠ್ಯಪುಸ್ತಕಗಳು ಬರುತ್ತವೆ. ಕ್ಯಾಸಿಯ ಆರು ವರ್ಷದ ತಮ್ಮ ಒಳರಕ್ಷಾಪುಟದ ಪಟ್ಟಿ ನೋಡಿ ಪುಸ್ತಕ ನೆಲಕ್ಕೆಸೆದು ತುಳಿಯುತ್ತಾನೆ. ಪುಸ್ತಕ ಯಾವಾಗ ಕೊಟ್ಟದ್ದು, ಅದರ ಸ್ಥಿತಿ ಏನು, ಪಡೆದವರ ಜನಾಂಗ ಯಾವುದು ಎಂದು ಅಲ್ಲಿ ಬರೆದಿದೆ. 1922ರಲ್ಲಿ 'ನ್ಯೂ', ಬಿಳಿಯರಿಗೆ. ವರ್ಷ ಉರುಳಿದಂತೆ 'ಗುಡ್', 'ಪೂರ್'. 1933ರಲ್ಲಿ 'ವೆರಿ ಪೂರ್' ಆದಾಗ ಕರಿಯ ಮಕ್ಕಳ ಕೈಗೆ. ಆ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದೆ, ಸುಮ್ಮನೆ ನಿಂತೆ. 'ಗುಡ್, ಬೆಟರ್, ಬೆಸ್ಟ್' ಎಂದು ಹೋಲಿಸುವ ಡಿಗ್ರೀಸ್ ಆಫ್ ಕಂಪ್ಯಾರಿಸನ್ ಪಾಠ ಅಂದು ಒಂದೇ ತಾಸಿನಲ್ಲಿ ಮುಗಿಯಿತು. ಒಬ್ಬ ಹುಡುಗಿ ಮಾತ್ರ ಕೇಳಿದಳು: "ನಮ್ಮ ದಾಖಲಾತಿ ಫಾರ್ಮಿನ್ಯಾಗೂ ಜಾತಿ ಕಾಲಂ ಐತಲ್ರೀ?" ಆ ದಿನ ಮುಂದೆ ಗ್ರಾಮರ್ ನಡೆಯಲಿಲ್ಲ, ಮಾತೇ ನಡೆಯಿತು.

ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಮೊದಲು ನಡೆದದ್ದನ್ನು ಹೇಳುವ ಪಾಸ್ಟ್ ಪರ್ಫೆಕ್ಟ್‌ಗೆ ಜಮೀನಿನ ಕಥೆ ಹಿಡಿದೆ. ಕ್ಯಾಸಿಯ ಅಜ್ಜ 1887ರಲ್ಲಿ 200 ಎಕರೆ ಕೊಂಡ, ಅದರ ಸಾಲ ತೀರಿದ ಮೇಲೆ 1918ರಲ್ಲಿ ಇನ್ನೂ 200. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೊಲದವರ ಮಕ್ಕಳಿಗೆ ಬಿಡಿಸಿ ಹೇಳಬೇಕೇ? ಶೇರ್‌ಕ್ರಾಪರ್ ಪದಕ್ಕೂ ಡಿಕ್ಷನರಿ ಬೇಕಾಗಲಿಲ್ಲ. "ಪಾಲಿಗೆ ಮಾಡವ್ರು" ಎಂದು ನವಲಗುಂದ ಕಡೆಯ ಹುಡುಗ ಕೂತಲ್ಲಿಂದಲೇ ಹೇಳಿದ. ಹತ್ತಿ ಬಿಡಿಸುವ ಸಾಲುಗಳನ್ನು ಅವನಿಂದಲೇ ಓದಿಸಿದೆ.

ಎರಡನೇ ಪೆಟ್ಟು, ಪುಸ್ತಕದ ಜನ 'ಈಸ್ ನಾಟ್' ಬದಲು ಆಡುವ 'ಏಂಟ್' (ain't) ಪದದಿಂದ ಬಿತ್ತು. ಒಬ್ಬ ಅದನ್ನು ಶಾಲೆಯ ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಂಡ, ಅವನ ತಂದೆ ಬಾಗಿಲಲ್ಲಿ ನಿಂತು ಕೂಗಾಡಿದರು. ಅವತ್ತಿನಿಂದ ಮನೆಮಾತಿಗೆ ಹಸಿರು ಗೆರೆ, ಶಾಲೆಮಾತಿಗೆ ನೀಲಿ ಗೆರೆ. ನಾವು ಮನೆಯಲ್ಲಿ 'ಬಂದಾನ' ಅಂತೀವಿ, ಉತ್ತರಪತ್ರಿಕೆಯಲ್ಲಿ 'ಬಂದಿದ್ದಾನೆ' ಬರೀತೀವಿ, ಹಾಗೇ ಇದು ಅಂದೆ. ಆ ತಪ್ಪು ಮತ್ತೆ ಆಗಲಿಲ್ಲ. ಕೂಗಾಡಿದ ಅದೇ ತಂದೆ ಕಳೆದ ಜೂನ್‌ನಲ್ಲಿ ಮಗಳನ್ನೂ ತಂದು ಸೇರಿಸಿದರು.

ಇನ್ನೊಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಕರಿಯರನ್ನು ಹೀಯಾಳಿಸುವ ಪದ ಪುಸ್ತಕದಲ್ಲಿದೆ. ಒಬ್ಬ ಹುಡುಗ ಅದೇ ಪದದಿಂದ ಪಕ್ಕದ ಕಪ್ಪು ಮೈಬಣ್ಣದ ಹುಡುಗಿಯನ್ನು ಕರೆದ. ಅವಳು ಎರಡು ವಾರ ಬರಲಿಲ್ಲ. ನಾನೇ ಮನೆಗೆ ಹೋಗಿ ಕರೆತಂದೆ. ಈಗ ಆ ಸಾಲುಗಳನ್ನು ಎಲ್ಲರೂ ಮನಸ್ಸಿನಲ್ಲೇ ಓದುತ್ತೇವೆ, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಈ ಮಾತನ್ನು ಮೊದಲ ದಿನವೇ ಹೇಳಿಬಿಡಿ, ನನ್ನಂತೆ ತಡಮಾಡಬೇಡಿ.

ನಡುವೆ ಒಂದು ಪ್ರಯೋಗ ಮಾಡಿದೆ. ಕ್ಯಾಸಿ ಪೇಟೆಗೆ ಹೋದ ಅಧ್ಯಾಯದ ಸಂಭಾಷಣೆಯನ್ನು ಕನ್ನಡಕ್ಕೆ ತರಲು ಹೇಳಿದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ 'ಯು'. ಯಾರು ಯಾರಿಗೆ ನೀನು, ಯಾರು ಯಾರಿಗೆ ನೀವು? ವಯಸ್ಸಾದ ಅಜ್ಜಿಗೆ ಬಿಳಿಯನೊಬ್ಬ ಏಕವಚನ ಹಾಕಿಯಾನೇ? ಅರ್ಧ ಗಂಟೆ ಜಗಳವಾಡಿದರು. ಆ ಜಗಳವನ್ನು, ಒಬ್ಬರು ಆಡಿದ್ದನ್ನು ಇನ್ನೊಬ್ಬರು ವರದಿ ಮಾಡುವ ರಿಪೋರ್ಟೆಡ್ ಸ್ಪೀಚ್‌ಗೆ ಹೇಗೆ ತಿರುಗಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನನ್ನ ಕ್ಲಾಸಿನ ಬಂಡವಾಳ ಅದು.

ಪ್ಯಾಸಿವ್ ವಾಯ್ಸ್‌ಗೂ, ಅಂದರೆ ಕರ್ಮಣಿ ಪ್ರಯೋಗಕ್ಕೂ, ಅದೇ ಪೇಟೆ. ಬಿಳಿಯ ಹುಡುಗಿಯೊಬ್ಬಳ ಅಪ್ಪ ಮಿಸ್ಟರ್ ಸಿಮ್ಸ್ ಕ್ಯಾಸಿಯ ಕೈ ತಿರುಚಿ ರಸ್ತೆಗೆ ತಳ್ಳುತ್ತಾನೆ. ಈ ವಾಕ್ಯವನ್ನು ಪ್ಯಾಸಿವ್‌ಗೆ ಬದಲಿಸಿರಿ, ಕೊನೆಯ 'ಬೈ ಮಿಸ್ಟರ್ ಸಿಮ್ಸ್' ಬಿಟ್ಟರೂ ನಡೆಯುತ್ತದೆ ಎಂದೆ. ಎರಡು ವಾರ ಮನೆಯಲ್ಲಿ ಕೂತಿದ್ದ ಅದೇ ಹುಡುಗಿ ಪೆನ್ನು ಕೆಳಗಿಟ್ಟಳು. "ದೂಡಿದವನ ಹೆಸರು ಯಾಕ ಬಿಡಬೇಕ್ರೀ?" ಅಂದಳು. ಅವಳ ವಹಿಯಲ್ಲಿ ಆ ಹೆಸರು ಹಾಗೇ ಇದೆ. ನಾನು ಪೂರ್ತಿ ಅಂಕ ಹಾಕಿದೆ.