ಎಐ ಎಷ್ಟು ಯೋಚ್ನೆ ಮಾಡ್ಬೇಕು ಅನ್ನೋದನ್ನ ನೀವೇ ಸೆಟ್ ಮಾಡ್ಕೊಳ್ಳಿ

ಮೊನ್ನೆ ನಮ್ಮಣ್ಣ ಕೇಳ್ದ, 30 ಲಕ್ಷ ಹೋಮ್ ಲೋನು, 9 ಪರ್ಸೆಂಟ್ ಬಡ್ಡಿ, 20 ವರ್ಷ, ಇಎಂಐ 26,992, ಇದ್ರ ಮೇಲೆ ತಿಂಗ್ಳಿಗೆ 5,000 ಜಾಸ್ತಿ ಕಟ್ತಾ ಹೋದ್ರೆ ಯಾವಾಗ ತೀರುತ್ತೆ ಅಂತ. ಎಐಗೆ ಹಾಕ್ದೆ, ತಕ್ಷಣ "ಸುಮಾರು 17 ವರ್ಷ" ಅಂತು. ಅದೇ ಪ್ರಶ್ನೆನ ಥಿಂಕಿಂಗ್ ಆನ್ ಮಾಡಿ ಹಾಕ್ದೆ, ಸ್ವಲ್ಪ ಹೊತ್ತು ತಗೊಂಡು 163 ಕಂತು ಅಂತು, ಅಂದ್ರೆ ಹದಿಮೂರೂವರೆ ವರ್ಷ. ಎಕ್ಸೆಲ್‌ನಲ್ಲಿ ನೋಡಿದ್ರೆ ಇದೇ ಸರಿ. ಮೊದಲ್ನೇ ಸಲ ಅದು 240 ಕಂತಿನ ಒಟ್ಟು ದುಡ್ಡನ್ನ 31,992ರಿಂದ ಭಾಗಿಸಿಬಿಟ್ಟಿತ್ತು, ಅಸಲು ಬೇಗ ಕರಗಿದ್ರೆ ಬಡ್ಡಿನೂ ಇಳಿಯುತ್ತೆ ಅನ್ನೋದೇ ಲೆಕ್ಕಕ್ಕೆ ಬಂದಿರ್ಲಿಲ್ಲ.

ಥಿಂಕಿಂಗ್ ಅಂದ್ರೆ ಪರೀಕ್ಷೆಲಿ ರಫ್ ಶೀಟ್ ಕೊಟ್ಟಂಗೆ. ಉತ್ತರ ಬರೆಯೋಕ್ ಮುಂಚೆ ಗೀಚಿ, ತಪ್ಪಿದ್ರೆ ಹೊಡೆದುಹಾಕಿ, ತಿರ್ಗಾ ಮಾಡೋಕೆ ಜಾಗ ಸಿಗುತ್ತೆ.

ಚಾಟ್ ಆ್ಯಪ್‌ನಲ್ಲಿ ಮಾಡೆಲ್ ಆರಿಸೋ ಮೆನುವಲ್ಲೋ ಮೆಸೇಜ್ ಬಾಕ್ಸ್ ಹತ್ರಾನೋ ಥಿಂಕಿಂಗ್ ಆಪ್ಷನ್ ಹುಡುಕಿ, ಅಷ್ಟೇ. ಎಪಿಐ, ಅಂದ್ರೆ ತಮ್ಮ ಪ್ರೋಗ್ರಾಂನಿಂದ್ಲೇ ನೇರವಾಗಿ ಎಐನ ಕರೆಯೋ ದಾರಿ, ಬಳಸೋರಿಗೆ ಕಂಟ್ರೋಲ್ ಜಾಸ್ತಿ. 2025ರ ಜನವರಿಲಿ ಬಂದ ಓಪನ್‌ಎಐನ ಓ3-ಮಿನಿಲಿ ರೀಸನಿಂಗ್ ಎಫರ್ಟ್ (ಎಷ್ಟು ಯೋಚ್ನೆ ಮಾಡ್ಬೇಕು) ಅಂತ ಲೋ, ಮೀಡಿಯಂ, ಹೈ ಮೂರಿದ್ವು, ಕ್ಲಾಡ್ 3.7 ಸಾನೆಟ್‌ನಲ್ಲಿ ಯೋಚ್ನೆಗೆ ಎಷ್ಟು ಟೋಕನ್ (ಎಐ ಓದೋ, ಬರೆಯೋ ಪದದ ತುಣುಕು) ಅಂತ ಬಜೆಟ್ಟೇ ಕೊಡ್ಬೇಕಿತ್ತು, ಕನಿಷ್ಠ 1,024, ಜೆಮಿನಿ 2.5 ಫ್ಲಾಶ್‌ನಲ್ಲಿ 0 ಇಂದ 24,576 ತನಕ. ಹೊಸ ಮಾಡೆಲ್ ಬಂದಾಗ ಹೆಸ್ರು, ಮಿತಿ ಬದಲಾಗ್ತವೆ, ಹಂಗಾಗಿ ನೀವು ಬಳಸೋ ಮಾಡೆಲ್‌ನ ಡಾಕ್ಯುಮೆಂಟೇಶನ್ ಒಂದ್ಸಲ ನೋಡ್ಕೊಳ್ಳಿ. ಇನ್ನೊಂದು, ಯೋಚ್ನೆಗೆ ಖರ್ಚಾದ ಟೋಕನ್‌ಗೂ ಔಟ್‌ಪುಟ್ (ಅದು ಬರೆಯೋ ಉತ್ತರದ) ರೇಟಲ್ಲೇ ಬಿಲ್ ಬರುತ್ತೆ, ಪೂರ್ತಿ ಯೋಚ್ನೆ ನಿಮ್ಗೆ ಕಾಣಿಸ್ದೇ ಇದ್ರೂನೂ.

ರಜಾ ಚೀಟಿ, ಅನುವಾದ, ಮೀಟಿಂಗ್ ನೋಟ್ಸ್ ಚಿಕ್ಕದು ಮಾಡೋದು, ಇದಕ್ಕೆಲ್ಲ ಲೋ ಸಾಕು. ನಾಲ್ಕೈದು ಷರತ್ತು ಒಟ್ಟಿಗೆ ಕೂಡ್ಬೇಕು, ಒಂದ್ ಹೆಜ್ಜೆ ತಪ್ಪಿದ್ರೆ ಮುಂದಿಂದೆಲ್ಲ ತಪ್ಪು ಅನ್ನೋ ಥರದ್ದಾದ್ರೆ ಹೈ ಹಾಕಿ, ಅಂದ್ರೆ ಸಾಲದ ಲೆಕ್ಕ, ಕೋಡ್‌ನಲ್ಲಿ ಎಲ್ಲಿದೆ ಅಂತ ಗೊತ್ತಾಗದ ಬಗ್, ಮೂರು ಶಿಫ್ಟಿನ ಡ್ಯೂಟಿ ಚಾರ್ಟ್, ಇಂಥವು. ನಾನಂತೂ ಮೀಡಿಯಂನಿಂದ ಶುರು ಮಾಡ್ತೀನಿ, ಉತ್ತರ ಮೊದ್ಲೇ ಗೊತ್ತಿರೋ ನಮ್ದೇ ಐದಾರು ಪ್ರಶ್ನೆ ಹಾಕಿ, ತಪ್ಪಿದ್ರೆ ಮಾತ್ರ ಏರಿಸ್ತೀನಿ.

ಹೈ ಹಾಕ್ದಾಗ "ಹಂತಹಂತವಾಗಿ ಯೋಚ್ಸು" ಅಂತ ಬರೆಯೋದು ಬೇಡ, ಅದು ಹೆಂಗೂ ಮಾಡ್ತಿರುತ್ತೆ. ಅದ್ರ ಬದ್ಲು ಮಾಹಿತಿ ಪೂರ್ತಿ ಕೊಡಿ. ಬಡ್ಡಿ ಫ್ಲೋಟಿಂಗಾ ಫಿಕ್ಸೆಡ್ಡಾ ಅಂತ ನೀವು ಹೇಳ್ದೇ ಇದ್ರೆ ಎಷ್ಟ್ ಹೊತ್ತು ಯೋಚ್ನೆ ಮಾಡಿದ್ರೂ ಅದು ಊಹೆನೇ ಮಾಡ್ಬೇಕು. ಅಣ್ಣಂದು ಫ್ಲೋಟಿಂಗು, ಅದಕ್ಕೇ ರೇಟ್ ಬದಲಾದಾಗೆಲ್ಲ ಬಾಕಿ ಅಸಲು, ಹೊಸ ರೇಟು ಎರಡೂ ಹಾಕಿ ತಿರ್ಗಾ ಹೈನಲ್ಲೇ ಕೇಳು ಅಂತ ಹೇಳಿದೀನಿ.